ಅಂಕಲ್ ಪೈ ಯಾರು? ಅಮರ ಚಿತ್ರ ಕಥೆ ಕಟ್ಟಿದ ಕಾರ್ಕಳದ ಅನಂತ ಪೈ ಕೆಲಸದ ಪೂರ್ತಿ ಪರಿಚಯ

ಪಾಪಿನಾಯಕನಹಳ್ಳಿ: ಛೋಟಾ ಭೀಮ್ ಯಾರು ಅಂತ ನಮ್ಮ ಪಿ.ಕೆ. ಹಳ್ಳಿಯ ಮೂರನೇ ಕ್ಲಾಸಿನ ಹುಡುಗನ್ನ ಕೇಳಿ, ಥಟ್ಟನೆ ಹೇಳ್ತಾನೆ. ಸುಪ್ಪಾಂಡಿ ಯಾರು ಅಂತ ಅವರ ಅಪ್ಪನ್ನ ಕೇಳಿದ್ರೆ ಅವರೂ ನಗುತ್ತಾ ಒಂದು ಕಥೆ ಹೇಳ್ತಾರೆ. ಆದ್ರೆ ಇಂಥ ಕಥೆಗಳನ್ನ ಕೂತು ಬರೆಯೋರು ಯಾರು, ಆ ಕೆಲಸ ಹೇಗಿರುತ್ತೆ ಅಂತ ಕೇಳಿದ್ರೆ ಉತ್ತರ ಸಿಗೋದು ಕಷ್ಟ. ಚಿತ್ರ ನೆನಪಿರುತ್ತೆ, ಬರೆದವನು ಮರೆತುಹೋಗ್ತಾನೆ.

ಭಾರತದಲ್ಲಿ ಈ ಕೆಲಸಕ್ಕೆ ಒಂದು ಹೆಸರು, ಒಂದು ಗೌರವ ತಂದುಕೊಟ್ಟವರು ಕರ್ನಾಟಕದಲ್ಲೇ ಹುಟ್ಟಿದ ಅನಂತ ಪೈ. ದೇಶದ ಮಕ್ಕಳಿಗೆಲ್ಲ ಅವರು 'ಅಂಕಲ್ ಪೈ'. ಅಮರ ಚಿತ್ರ ಕಥೆ ಹೆಸರಿನ ಮೊದಲ ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ ಅನ್ನೋದು ನಮ್ಮ ಜಿಲ್ಲೆಯ ಬಹಳ ಜನರಿಗೆ ಗೊತ್ತಿಲ್ಲ. ಅದರ ಹಿಂದೆ ಬೆಂಗಳೂರಿನ ಒಬ್ಬ ಪುಸ್ತಕ ಮಾರಾಟಗಾರರ ತಲೆ ಓಡಿತ್ತು. ಪುಸ್ತಕ, ಪೇಪರ್, ಸ್ಟೇಷನರಿ ಮಾರುವ ನಮ್ಮ ಅಂಗಡಿಯವರು ಇದನ್ನ ಓದಲೇಬೇಕು.

ಒಂದೇ ನೋಟದಲ್ಲಿ

ಹೆಸರು: ಅನಂತ ಪೈ
ಹುಟ್ಟು: 17 ಸೆಪ್ಟೆಂಬರ್ 1929, ಕಾರ್ಕಳ (ಈಗ ಉಡುಪಿ ಜಿಲ್ಲೆ)
ನಿಧನ: 24 ಫೆಬ್ರವರಿ 2011, ಮುಂಬೈ
ಓದು: ಮುಂಬೈನಲ್ಲಿ ರಸಾಯನ ತಂತ್ರಜ್ಞಾನ
ಕೆಲಸ: ಕಾಮಿಕ್ಸ್ ಬರಹಗಾರ, ಸಂಪಾದಕ
ಕಟ್ಟಿದ್ದು: ಅಮರ ಚಿತ್ರ ಕಥೆ (1967), ರಂಗರೇಖಾ ಫೀಚರ್ಸ್ (1969), ಟಿಂಕಲ್ (1980)

ಕಾರ್ಕಳದಿಂದ ಮುಂಬೈಗೆ

ಪೈ ಹುಟ್ಟಿದ್ದು ಗೊಮ್ಮಟನ ಊರು ಕಾರ್ಕಳದಲ್ಲಿ. ತಂದೆ ವೆಂಕಟರಾಯ, ತಾಯಿ ಸುಶೀಲಾ. ಎರಡು ವರ್ಷ ತುಂಬೋ ಹೊತ್ತಿಗೆ ತಂದೆ ತಾಯಿ ಇಬ್ಬರನ್ನೂ ಕಳಕೊಂಡ ಹುಡುಗ. ನೆಂಟರ ಆಸರೆಯಲ್ಲಿ ಬೆಳೆದು, 12ನೇ ವಯಸ್ಸಿಗೆ ಮುಂಬೈಗೆ ಹೋದರು. ಮಾಹಿಮ್‌ನ ಓರಿಯೆಂಟ್ ಶಾಲೆಯಲ್ಲಿ ಓದಿ, ಆಮೇಲೆ ಮುಂಬೈ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನ ತಂತ್ರಜ್ಞಾನ ಕಲಿತರು.

ಆ ಕಾಲಕ್ಕೆ ಅಂಥ ಡಿಗ್ರಿ ಕೈಲಿದ್ರೆ ಫ್ಯಾಕ್ಟರಿ ಕೆಲಸ ಗ್ಯಾರಂಟಿ. ನಮ್ಮ ಕಡೆ ಹೇಳಬೇಕಂದ್ರೆ, ಐಟಿಐ ಮುಗಿಸಿ ತೋರಣಗಲ್ಲಿನ ಕಂಪನಿಗೆ ಸೇರೋ ಅವಕಾಶ ಇಟ್ಕೊಂಡು 'ನಾನು ಕಥೆ ಬರೀತೀನಿ' ಅಂದ ಹಾಗೆ. ಪೈ ಅದನ್ನೇ ಮಾಡಿದರು. 1954ರಲ್ಲಿ 'ಮಾನವ್' ಅನ್ನೋ ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ನಡೀಲಿಲ್ಲ, ನಿಂತುಹೋಯ್ತು.

ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗಕ್ಕೆ ಕಿರಿಯ ಅಧಿಕಾರಿಯಾಗಿ ಸೇರಿದರು. 1964ರಲ್ಲಿ ಆ ಸಂಸ್ಥೆ 'ಇಂದ್ರಜಾಲ್ ಕಾಮಿಕ್ಸ್' ಹೊರತಂದಿತು. ಕಾಡಿನಲ್ಲಿ ಮುಖವಾಡ ಹಾಕಿಕೊಂಡು ಓಡಾಡುವ ಫ್ಯಾಂಟಮ್‌ನ ಕಥೆಗಳು. ನಮ್ಮ ಅಪ್ಪ-ಚಿಕ್ಕಪ್ಪಂದಿರ ತಲೆಮಾರಿನ ಬಹಳ ಜನ ಕಾಮಿಕ್ಸ್ ಅಂತ ಮೊದಲು ನೋಡಿದ್ದು ಇದನ್ನೇ. ಚಿತ್ರದ ಪುಸ್ತಕ ಹೇಗೆ ತಯಾರಾಗುತ್ತೆ, ಎಷ್ಟು ಪ್ರತಿ ಹೋಗುತ್ತೆ, ಯಾವ ಊರಲ್ಲಿ ಹೋಗುತ್ತೆ, ಯಾಕೆ ವಾಪಸ್ ಬರುತ್ತೆ - ಇದೆಲ್ಲ ಹತ್ತಿರದಿಂದ ನೋಡೋಕೆ ಪೈ ಅವರಿಗೆ ಸಿಕ್ಕ ಜಾಗ ಅದು. ಬರವಣಿಗೆಯ ಜೊತೆಗೆ ವ್ಯಾಪಾರವನ್ನೂ ಕಲಿತರು.

ಮೊದಲ ಹತ್ತು ಪುಸ್ತಕ ಕನ್ನಡದವು

ಈಗ ನಮ್ಮ ಭಾಷೆಗೆ ಸಂಬಂಧಪಟ್ಟ ವಿಷಯ.

ಅಮರ ಚಿತ್ರ ಕಥೆಯ ಹಳೇ ಪಟ್ಟಿ ನೋಡಿದವರಿಗೆ ಒಂದು ಅನುಮಾನ ಬಂದೇ ಬರುತ್ತೆ. ಸರಣಿಯ ಪ್ರಸಿದ್ಧ ಮೊದಲ ಪುಸ್ತಕ 'ಕೃಷ್ಣ'. ಆದ್ರೆ ಅದರ ನಂಬರ್ 11. ಹಾಗಾದ್ರೆ 1ರಿಂದ 10 ಎಲ್ಲಿ?

ಆ ಹತ್ತು ಪುಸ್ತಕಗಳು ನಮ್ಮ ಪುರಾಣದವಲ್ಲ. ಸಿಂಡ್ರೆಲಾ, ಅಲ್ಲಾದ್ದೀನ್, ಪಿನೋಕಿಯೊ, ಹಿಮಬಿಳುಪಿನ ರಾಜಕುಮಾರಿ ಮತ್ತು ಏಳು ಕುಳ್ಳರು, ಹುರುಳಿ ಬಳ್ಳಿ ಹತ್ತಿದ ಜ್ಯಾಕ್ ಇಂಥ ಪರದೇಶದ ಕಥೆಗಳು. ಅಮೆರಿಕದ ಮಕ್ಕಳ ಕಾಮಿಕ್ಸ್‌ನಿಂದ ತಗೊಂಡು 1965ರಲ್ಲಿ ಕನ್ನಡದಲ್ಲಿ ಅಚ್ಚು ಹಾಕಿದ್ದು. 'ಅಮರ ಚಿತ್ರ ಕಥೆ' ಅನ್ನೋ ಹೆಸರು ಮೊದಲು ಕಾಣಿಸಿದ್ದು ಇವುಗಳ ಮೇಲೆ.

ಇದರ ಹಿಂದೆ ಇದ್ದವರು ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕ ಮಾರುತ್ತಿದ್ದ ಅವರಿಗೆ ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಚಿತ್ರಕಥೆ ಬೇಕು ಅನ್ನಿಸಿತು. ಮುಂಬೈನಲ್ಲಿದ್ದ ಸಂಸ್ಥೆಯ ಜಿ.ಎಲ್. ಮೀರ್‌ಚಂದಾನಿ ಅವರಿಗೆ ಹೇಳಿದರು, ಒಪ್ಪಿಸಿದರು. ಪುಸ್ತಕ ಚೆನ್ನಾಗಿ ಮಾರಾಟವಾದವು. ಆ ವ್ಯಾಪಾರ ನೋಡಿದ ಮೇಲೆ ಮುಂಬೈ ಆಫೀಸಿಗೆ ಧೈರ್ಯ ಬಂತು.

ಮುಂದೆ ಅದನ್ನ ದೇಶದ ಮಟ್ಟಕ್ಕೆ ಬೆಳೆಸಿದವರು ಅನಂತ ಪೈ. ಸಾಮಾನ್ಯವಾಗಿ ಸರಣಿ ಶುರುವಾಗಿದ್ದು 1967ರಲ್ಲಿ, ಪೈ ಅವರಿಂದ ಅಂತ ಬರೀತಾರೆ. ನಮ್ಮ ಕಥೆಗಳ ಸರಣಿಯಾಗಿ ಅದು ನಿಂತಿದ್ದು ಪೈ ಅವರಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಹೆಸರಿನ ಮೊದಲ ಗಿರಾಕಿ ಕನ್ನಡದ ಮಗು, ಮೊದಲು ಹೊಳೆದದ್ದು ಒಬ್ಬ ಪುಸ್ತಕ ಮಾರಾಟಗಾರನಿಗೆ. ಇದನ್ನ ಬಿಟ್ಟು ಕಥೆ ಹೇಳಿದ್ರೆ ಅರ್ಧ ಹೇಳಿದ ಹಾಗೆ. ಗಿರಾಕಿ ಏನು ಕೇಳ್ತಾನೆ, ಏನು ಕೇಳಿ ಸಿಗದೆ ವಾಪಸ್ ಹೋಗ್ತಾನೆ ಅನ್ನೋದು ಗಲ್ಲಾಪೆಟ್ಟಿಗೆ ಹಿಂದೆ ಕೂತವರಿಗೆ ಗೊತ್ತಿರೋಷ್ಟು ಬೇರೆಯವರಿಗೆ ಗೊತ್ತಿರಲ್ಲ.

ರಾಮನ ತಾಯಿ ಯಾರು?

1967ರ ಫೆಬ್ರವರಿ. ಆಗ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ದೆಹಲಿಗೆ ಹೋಗಿದ್ದ ಪೈ ಅಲ್ಲಿ ಟಿವಿಯಲ್ಲಿ ಮಕ್ಕಳ ಕ್ವಿಜ್ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಮಕ್ಕಳು ಸಲೀಸಾಗಿ ಉತ್ತರ ಹೇಳಿದರು. ರಾಮಾಯಣದಲ್ಲಿ ರಾಮನ ತಾಯಿ ಯಾರು ಅಂತ ಕೇಳಿದಾಗ ಉತ್ತರ ಬರಲಿಲ್ಲ.

ಪೈ ಅವರಿಗೆ ಇದು ಚುಚ್ಚಿತು. ತಪ್ಪು ಮಕ್ಕಳದ್ದಲ್ಲ, ಅವರ ಕೈಗೆ ನಾವು ಏನು ಕೊಟ್ಟಿದ್ದೀವಿ ಅನ್ನೋದು ಅವರ ಪ್ರಶ್ನೆ. ಇಂಗ್ಲಿಷ್ ಶಾಲೆಯ ಮಗುವಿಗೆ ಪರದೇಶದ ಕಥೆ ಬಣ್ಣಬಣ್ಣದ ಪುಸ್ತಕದಲ್ಲಿ ಸಿಗ್ತಿತ್ತು. ನಮ್ಮ ಕಥೆ ಅಜ್ಜಿ ಹೇಳಿದ್ರೆ ಉಂಟು, ಅಜ್ಜಿ ಊರಲ್ಲೇ ಉಳಿದು ಮಗು ಪಟ್ಟಣಕ್ಕೆ ಹೋದ್ರೆ ಇಲ್ಲ.

ಟೈಮ್ಸ್ ಕೆಲಸ ಬಿಟ್ಟರು. ಮೀರ್‌ಚಂದಾನಿ ಅವರ ಇಂಡಿಯಾ ಬುಕ್ ಹೌಸ್ ಜೊತೆ ಸೇರಿ ನಮ್ಮ ಕಥೆಗಳ ಸರಣಿಗೆ ಕೈ ಹಾಕಿದರು. 'ಕೃಷ್ಣ' ಪುಸ್ತಕದ ಕಥೆ ಬರೆದವರು ಪೈ, ಚಿತ್ರ ಬರೆದವರು ರಾಮ್ ವಾಯೀರ್‌ಕರ್. 'ಹನುಮಾನ್' ಕೂಡ ಇದೇ ಜೋಡಿಯದ್ದು. ತುಂಗಭದ್ರೆಯ ಆಚೆ ದಂಡೆಯ ಅಂಜನಾದ್ರಿ ಬೆಟ್ಟ ಹತ್ತಿ ಬಂದ ನಮ್ಮ ಮಕ್ಕಳಿಗೆ ಆ ಪುಸ್ತಕ ಬೇರೆ ಥರಾನೇ ಕಾಣಿಸುತ್ತೆ. ದೇಶದ ಬೇರೆ ಮಕ್ಕಳಿಗೆ ಕಿಷ್ಕಿಂಧೆ ಅಂದ್ರೆ ಪುಸ್ತಕದ ಹೆಸರು, ನಮ್ಮವರಿಗೆ ಬಸ್ಸಲ್ಲಿ ಹೋಗಿ ಬರೋ ಜಾಗ.

ಶುರುವಿನಲ್ಲಿ ಓಟ ನಿಧಾನ. ಕಾಮಿಕ್ಸ್ ಓದಿದ್ರೆ ಮಕ್ಕಳು ಹಾಳಾಗ್ತಾರೆ ಅಂತ ಮೇಷ್ಟ್ರು, ತಂದೆ-ತಾಯಿ ಮೂಗು ಮುರಿಯುತ್ತಿದ್ದ ಕಾಲ ಅದು. ಇವತ್ತು ಮೊಬೈಲ್‌ಗೆ ಬೈಯ್ಯೋ ಹಾಗೆ ಆಗ ಕಾಮಿಕ್ಸ್‌ಗೆ ಬೈಯ್ತಿದ್ದರು. ಪೈ ಶಾಲೆಗಳಿಗೇ ಹೋದರು, ಮೇಷ್ಟ್ರನ್ನೇ ಮಾತಾಡಿಸಿದರು, ಚಿತ್ರಕಥೆಯಿಂದ ಪಾಠ ಮಾಡಬಹುದು ಅಂತ ಒಪ್ಪಿಸೋಕೆ ನಿಂತರು. ಬರೆಯೋದು ಅರ್ಧ ಕೆಲಸ, ಮಗುವಿನ ಕೈಗೆ ತಲುಪಿಸೋದು ಇನ್ನರ್ಧ ಅಂತ ತಿಳಿದ ಮನುಷ್ಯ.

ಕಥೆ ಬರೆಯೋನ ಕೆಲಸ ಅಂದ್ರೆ ಏನು?

ಬಹಳ ಜನ ತಿಳಿದಿರೋದು ಹೀಗೆ: ಚಿತ್ರಕಾರ ಚಿತ್ರ ಬರೀತಾನೆ, ಮಾತು ಯಾರೋ ತುಂಬ್ತಾರೆ. ನಡೆಯೋದು ಉಲ್ಟಾ. ಮೊದಲು ಬರಹ, ಆಮೇಲೆ ಚಿತ್ರ.

ಅಮರ ಚಿತ್ರ ಕಥೆಯ ಪುಸ್ತಕ ಸಾಮಾನ್ಯವಾಗಿ 32 ಪುಟ. ರಾಮಾಯಣದ ಹನುಮಂತನಾಗಲಿ, ಒಬ್ಬ ರಾಜನ ಇಡೀ ಆಳ್ವಿಕೆಯಾಗಲಿ ಅಷ್ಟರೊಳಗೆ ಮುಗೀಬೇಕು. ಬರಹಗಾರ ಮೂಲ ಗ್ರಂಥ ಓದಬೇಕು, ಇತಿಹಾಸ ಓದಬೇಕು. ಆಮೇಲೆ ಕಥೆಯನ್ನ ಚೌಕಗಳಾಗಿ ಒಡೀಬೇಕು. ಪ್ರತಿ ಚೌಕಕ್ಕೂ ಮೂರು ವಿಷಯ ಬರೆದು ಕೊಡಬೇಕು. ಒಂದು, ಚಿತ್ರದಲ್ಲಿ ಏನು ಕಾಣಬೇಕು. ಎರಡು, ಮೇಲಿನ ಪಟ್ಟಿಯಲ್ಲಿ ಬರೋ ವಿವರಣೆ. ಮೂರು, ಪಾತ್ರದ ಬಾಯಿಂದ ಬರೋ ಗುಳ್ಳೆಯ ಮಾತು. ಆ ಕಾಲದ ಬಟ್ಟೆ ಹೇಗಿತ್ತು, ಕತ್ತಿ ಹೇಗಿತ್ತು, ಮನೆ ಬಾಗಿಲು ಹೇಗಿತ್ತು ಅಂತ ಚಿತ್ರಕಾರ ಕೇಳಿದ್ರೆ ಅದಕ್ಕೂ ಉತ್ತರ ಬೇಕು.

ನಮ್ಮೂರ ಉದಾಹರಣೆಯಿಂದಲೇ ನೋಡೋಣ. ವಿಜಯನಗರ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು. ಹಕ್ಕ-ಬುಕ್ಕರು ಬೇಟೆಗೆ ಬಂದಾಗ ಮೊಲ ಬೇಟೆನಾಯಿಗಳ ಮೇಲೇ ತಿರುಗಿಬಿತ್ತಂತೆ. ಇದನ್ನ ಆರು ಚೌಕದಲ್ಲಿ ಹೇಳಬೇಕು ಅಂದ್ರೆ ಹೀಗೆ ಮಾಡಬಹುದು:

1. ಬಂಡೆಗಲ್ಲಿನ ಬೆಟ್ಟ, ಕೆಳಗೆ ಹೊಳೆ. ಕುದುರೆ ಮೇಲೆ ಇಬ್ಬರು, ಮುಂದೆ ನಾಯಿಗಳು. ಮಾತಿಲ್ಲ.
2. ಪೊದೆಯಿಂದ ಮೊಲ ಹಾರುತ್ತೆ. ಒಬ್ಬ ಅಣ್ಣನಿಗೆ ಕೈ ತೋರಿಸ್ತಾನೆ.
3. ನಾಯಿಗಳು ಬೆನ್ನಟ್ಟುತ್ತವೆ. ಮೊಲ ಚೌಕದ ತುದಿಯಲ್ಲಿ, ಇನ್ನೇನು ಸಿಕ್ಕಿಬೀಳುತ್ತೆ ಅನ್ನೋ ಹಾಗೆ.
4. ಮೊಲ ನಿಂತಿದೆ. ಮುಖ ಈ ಕಡೆ ತಿರುಗಿದೆ. ಬರೀ ಮೊಲ, ಬೇರೇನೂ ಬೇಡ.
5. ನಾಯಿಗಳು ಹಿಂದಕ್ಕೆ ಓಡ್ತಿವೆ. ಕುದುರೆ ಬೆದರಿದೆ.
6. ಅಣ್ಣ-ತಮ್ಮಂದಿರ ಮುಖ. 'ಈ ನೆಲದಲ್ಲಿ ಏನೋ ಇದೆ' ಅನ್ನೋ ಒಂದೇ ಮಾತು.

ನಾಲ್ಕನೇ ಚೌಕ ನೋಡಿ. ಇಡೀ ಕಥೆ ಅಲ್ಲಿ ತಿರುಗುತ್ತೆ. ಅಲ್ಲಿ ನಾಯಿಯನ್ನೂ ತುಂಬಿ, ರಾಜನನ್ನೂ ತುಂಬಿ, ಎರಡು ಸಾಲು ವಿವರಣೆನೂ ತುಂಬಿದ್ರೆ ಕಥೆ ಕೆಡುತ್ತೆ. ಏನು ಹಾಕಬೇಕು ಅನ್ನೋದಕ್ಕಿಂತ ಏನು ಬಿಡಬೇಕು ಅಂತ ತೀರ್ಮಾನಿಸೋದೇ ಬರಹಗಾರನ ಕಷ್ಟದ ಕೆಲಸ. ಪೈ ದಶಕಗಳ ಕಾಲ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು ಇದನ್ನೇ.

ಬೇರೆಯವರಿಂದ ಅಂತ ಯಾಕೆ ಹೇಳಿದೆ ಅಂದ್ರೆ, ಎಲ್ಲ ಪುಸ್ತಕವನ್ನೂ ಪೈ ಒಬ್ಬರೇ ಬರೆದಿದ್ದಲ್ಲ. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಇಂಥ ಬರಹಗಾರ-ಸಂಪಾದಕರ ಗುಂಪು ಇತ್ತು. ವಾಯೀರ್‌ಕರ್ ಜೊತೆಗೆ ಪ್ರತಾಪ್ ಮುಳಿಕ್, ದಿಲೀಪ್ ಕದಮ್ ಮುಂತಾದ ಚಿತ್ರಕಾರರಿದ್ದರು. ಮಹಾಭಾರತವನ್ನ 1985ರಿಂದ 42 ಭಾಗಗಳಲ್ಲಿ ತಂದಾಗ ಅದರ ಚಿತ್ರದ ಭಾರ ಹೊತ್ತವರು ದಿಲೀಪ್ ಕದಮ್. ಪೈ ಸಂಪಾದಕರಾಗಿ ಎಲ್ಲವನ್ನೂ ಒಂದೇ ಹದಕ್ಕೆ ತರುತ್ತಿದ್ದರು.

ದೇವರ ಕಥೆ ಮಾತ್ರ ಅಲ್ಲ, ಅಕ್ಬರ್, ಝಾನ್ಸಿ ರಾಣಿ, ಬಾಬಾಸಾಹೇಬ್ ಅಂಬೇಡ್ಕರ್, ಭಗತ್ ಸಿಂಗ್ ಎಲ್ಲರೂ ಬಂದರು. ನಮ್ಮ ಹಂಪಿಯ ಕೃಷ್ಣದೇವರಾಯನ ಮೇಲೂ ಪುಸ್ತಕ ಇದೆ, ತೆನಾಲಿ ರಾಮನ ಮೇಲೂ ಇದೆ. ಒಟ್ಟು 400ಕ್ಕೂ ಹೆಚ್ಚು ಶೀರ್ಷಿಕೆ, ಸುಮಾರು 20 ಭಾಷೆ, 9 ಕೋಟಿಗೂ ಹೆಚ್ಚು ಪ್ರತಿ ಮಾರಾಟ.

ಟಿಂಕಲ್: ಮಕ್ಕಳೇ ಕಥೆ ಕಳಿಸಿದ ಪತ್ರಿಕೆ

1969ರಲ್ಲಿ ಪೈ ರಂಗರೇಖಾ ಫೀಚರ್ಸ್ ಶುರು ಮಾಡಿದರು. ಕಾಮಿಕ್ಸ್ ಪಟ್ಟಿ ಬರೆಸಿ ಬೇರೆ ಬೇರೆ ಪತ್ರಿಕೆಗಳಿಗೆ ಮಾರೋ ಸಂಸ್ಥೆ. ಬಾಲ ಬೆಳೆಸಿಕೊಂಡು ಕಾಡಿನ ಪ್ರಾಣಿಗಳನ್ನ ಕಾಪಾಡುವ ಕೋತಿ 'ಕಪೀಶ್', 'ರಾಮು-ಶಾಮು' ಇಂಥ ಪಾತ್ರಗಳು ಪೈ ಅವರ ಕೈಯಿಂದ ಬಂದವು.

1980ರ ಏಪ್ರಿಲ್‌ನಲ್ಲಿ 'ಟಿಂಕಲ್' ಪತ್ರಿಕೆ ಬಂತು. ಇಂಥದ್ದೊಂದು ಪತ್ರಿಕೆ ಮಾಡೋಣ ಅಂತ ಹೇಳಿದವರು ಜೊತೆಗಿದ್ದ ಸುಬ್ಬರಾವ್. ಇಲ್ಲಿ ಪೈ ಇನ್ನೊಂದು ಬಾಗಿಲು ತೆರೆದರು. ಓದುವ ಮಕ್ಕಳೇ ಕಥೆ ಕಳಿಸಬಹುದು, ಚೆನ್ನಾಗಿದ್ರೆ ಚಿತ್ರಕಥೆಯಾಗುತ್ತೆ, ಕಳಿಸಿದವರ ಹೆಸರೂ ಬರುತ್ತೆ. ಪೋಸ್ಟ್‌ಕಾರ್ಡ್, ಇನ್‌ಲ್ಯಾಂಡ್ ಲೆಟರ್ ರಾಶಿ ರಾಶಿ ಬರತೊಡಗಿದವು. 'ಅಂಕಲ್ ಪೈ' ಅನ್ನೋ ಹೆಸರು ಅಂಟಿಕೊಂಡಿದ್ದು ಈ ಪತ್ರಗಳಿಂದಲೇ.

1983ರಲ್ಲಿ ಬಂದ ಸುಪ್ಪಾಂಡಿ ಕೂಡ ಹೀಗೇ ಬಂದವನು. ತಮಿಳುನಾಡಿನ ತಿರುಚಿರಾಪಳ್ಳಿಯ ಓದುಗರೊಬ್ಬರು ತಮ್ಮ ಕಡೆಯ ಪೆದ್ದ ಆಳಿನ ಕಥೆ ಕಳಿಸಿದರು, ರಾಮ್ ವಾಯೀರ್‌ಕರ್ ಅವನಿಗೆ ಉದ್ದ ತಲೆ, ಹಲ್ಲು ಕೊಟ್ಟು ಚಿತ್ರ ಬರೆದರು. ಹಳ್ಳಿಕಟ್ಟೆಯ ಮೇಲೆ ಹೇಳ್ತಿದ್ದಂಥ ಕಥೆ, ಕೇಳೋ ಸಂಪಾದಕ ಇದ್ದಿದ್ದಕ್ಕೆ ದೇಶಕ್ಕೇ ಗೊತ್ತಾಯ್ತು. ನಮ್ಮ ಕಂಪ್ಲಿ, ಸಂಡೂರು ಕಡೆ ಅಜ್ಜಂದಿರು ಹೇಳೋ ಇಂಥ ಪೆದ್ದನ ಕಥೆಗಳಿಗೆ ಲೆಕ್ಕ ಇದೆಯಾ? ಬರೆದು ಕಳಿಸಿದವರು ಬೇಕು, ಅಷ್ಟೇ.

ಆನಿಮೇಷನ್‌ನಲ್ಲಿ ಕಥೆಗಾರ

ಕಾಮಿಕ್ಸ್ ಬರಹಕ್ಕೂ ಆನಿಮೇಷನ್ ಬರಹಕ್ಕೂ ದಾಯಾದಿ ಸಂಬಂಧ. ಕಾಮಿಕ್ಸ್‌ನಲ್ಲಿ ಎರಡು ಚೌಕದ ನಡುವಿನ ಜಾಗವನ್ನ ಓದುವ ಮಗು ತನ್ನ ತಲೆಯಲ್ಲಿ ತುಂಬಿಕೊಳ್ಳುತ್ತೆ. ಆನಿಮೇಷನ್‌ನಲ್ಲಿ ಅದನ್ನೂ ಚಿತ್ರ ಬರೆದೇ ತುಂಬಬೇಕು. ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತೆ. ಅಂದ್ರೆ 10 ನಿಮಿಷದ ಕಾರ್ಟೂನಿಗೆ 14,400. ಒಂದು ಚಿತ್ರವನ್ನ ಎರಡೆರಡು ಸಲ ಬಳಸಿದರೂ 7,200 ಚಿತ್ರ. ಅಷ್ಟು ಬರೆದ ಮೇಲೆ ಕಥೆ ಚೆನ್ನಾಗಿಲ್ಲ ಅಂದ್ರೆ ದುಡ್ಡು, ವರ್ಷ ಎರಡೂ ಹೋದವು. ಅದಕ್ಕೇ ಮೊದಲು ಕಥೆಗಾರರು ಮುಖ್ಯ ಘಟ್ಟಗಳನ್ನ ಸಣ್ಣ ಸಣ್ಣ ಚಿತ್ರವಾಗಿ ಬರೆದು ಹಲಗೆ ಮೇಲೆ ಸಾಲಾಗಿ ಪಿನ್ ಮಾಡ್ತಾರೆ. ಇದಕ್ಕೆ ಸ್ಟೋರಿಬೋರ್ಡ್ ಅಂತಾರೆ. ಮೇಲಿನ ಮೊಲದ ಆರು ಚೌಕ ಇದೆಯಲ್ಲ, ಅದನ್ನೇ ಇನ್ನೂ ಬಿಡಿಸಿ ಬರೆದ ಹಾಗೆ.

ಅಮೆರಿಕದ ಕಾರ್ಲ್ ಬಾರ್ಕ್ಸ್ ಈ ಎರಡೂ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು. 1935ರಲ್ಲಿ ಡಿಸ್ನಿ ಸ್ಟುಡಿಯೊ ಸೇರಿ, ಡೊನಾಲ್ಡ್ ಡಕ್ ಕಾರ್ಟೂನ್‌ಗಳ ಕಥಾ ವಿಭಾಗದಲ್ಲಿ ದುಡಿದು, 1942ರಲ್ಲಿ ಬಿಟ್ಟು ಕಾಮಿಕ್ಸ್‌ಗೆ ಬಂದರು. ಜಿಪುಣ ಬಾತುಕೋಳಿ ಸ್ಕ್ರೂಜ್ ಅಂಕಲ್‌ನನ್ನ 1947ರಲ್ಲಿ ಹುಟ್ಟಿಸಿದವರು ಇವರೇ. ದೂರದರ್ಶನದಲ್ಲಿ 'ಡಕ್ ಟೇಲ್ಸ್' ನೋಡಿದವರಿಗೆ ಆ ಬಾತುಕೋಳಿ ಗೊತ್ತು. ಆದ್ರೆ ವರ್ಷಗಟ್ಟಲೆ ಪುಸ್ತಕದ ಮೇಲೆ ಅವರ ಹೆಸರೇ ಇರಲಿಲ್ಲ, ಡಿಸ್ನಿ ಹೆಸರು ಮಾತ್ರ. ಚಿತ್ರದ ಕೈ ನೋಡಿಯೇ ಓದುಗರು ಅವರನ್ನ ಗುರುತು ಹಿಡಿದು ಹುಡುಕಿಕೊಂಡು ಹೋದರು.

ನಮ್ಮ ದೇಶದಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಷನ್ 1956ರಲ್ಲಿ ಕಾರ್ಟೂನ್ ವಿಭಾಗ ಶುರು ಮಾಡಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದು ಇಲ್ಲಿನವರಿಗೆ ಕಲಿಸಿದರು. ಮರುವರ್ಷ ಬಂದ 'ಬ್ಯಾನಿಯನ್ ಡೀರ್' ಬುದ್ಧನ ಜಾತಕ ಕಥೆಯ ಮೇಲೆ ಮಾಡಿದ್ದು. 1974ರಲ್ಲಿ ಬಂದ 'ಏಕ್ ಅನೇಕ್ ಔರ್ ಏಕ್ತಾ' ದೂರದರ್ಶನದ ಕಾಲದವರಿಗೆಲ್ಲ ನೆನಪಿದೆ.

ಪೈ ಅವರದ್ದು ಮುಖ್ಯವಾಗಿ ಕಾಮಿಕ್ಸ್ ದಾರಿ. ಆದ್ರೆ ಅವರು ಕಟ್ಟಿದ ಕಥಾಭಂಡಾರ ಆಮೇಲೆ ಆನಿಮೇಷನ್‌ಗೂ ಹೋಯ್ತು. 2007ರಲ್ಲಿ ಅಮರ ಚಿತ್ರ ಕಥೆ ಮತ್ತು ಟಿಂಕಲ್ ಎರಡೂ ಎಸಿಕೆ ಮೀಡಿಯಾ ಕೈಗೆ ಬಂದವು. 2012ರಲ್ಲಿ ಲವ-ಕುಶರ ಕಥೆಯ 'ಸನ್ಸ್ ಆಫ್ ರಾಮ್' ಅನ್ನೋ ಆನಿಮೇಷನ್ ಸಿನಿಮಾ ಬಂತು. ಅದಕ್ಕೆ ಬುಡ ಅಮರ ಚಿತ್ರ ಕಥೆಯ ಪುಸ್ತಕ.

ನಮ್ಮ ನೆಲಕ್ಕೆ ಇದು ಹೊಸದೇನಲ್ಲ

ಹಂಪಿಯ ಹಜಾರ ರಾಮ ದೇವಸ್ಥಾನಕ್ಕೆ ಹೋದವರು ಗೈಡ್ ಹೇಳಿದ್ದು ಕೇಳಿ, ಫೋಟೊ ತೆಗೆಸ್ಕೊಂಡು ಬರ್ತಾರೆ. ಇನ್ನೊಂದ್ಸಲ ಹೋದಾಗ ಗುಡಿಯ ಗೋಡೆಯನ್ನ ಕಾಮಿಕ್ಸ್ ಓದೋ ಹಾಗೆ ಓದಿ. ರಾಮಾಯಣ ಚೌಕ ಚೌಕವಾಗಿ ಮೂರು ಸಾಲಲ್ಲಿ ಕೆತ್ತಿದೆ. ಬಲಕ್ಕೆ ಸುತ್ತು ಹಾಕ್ತಾ ಹೋದ್ರೆ ಕಥೆ ಮುಂದುವರಿಯುತ್ತೆ. ಮೂರು ಸುತ್ತಿಗೆ ಮೂರು ಸಾಲು. 15ನೇ ಶತಮಾನದ ಶಿಲ್ಪಿಗೂ ಇದೇ ತಲೆನೋವು ಇತ್ತು: ಗೋಡೆ ಇಷ್ಟೇ, ರಾಮಾಯಣ ಅಷ್ಟು ದೊಡ್ಡದು, ಯಾವ ಘಟನೆ ಇಟ್ಕೊಳ್ಳಲಿ, ಯಾವುದು ಬಿಡಲಿ?

ಇನ್ನು ಚಿತ್ರ ಓಡಾಡೋ ಕಥೆಗೆ ನಮ್ಮಲ್ಲಿ ತೊಗಲುಗೊಂಬೆ ಇತ್ತು. ಹಿಂದೆ ದೀಪ, ಮುಂದೆ ಪರದೆ, ನಡುವೆ ಬಣ್ಣದ ಗೊಂಬೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಕಲೆಯಲ್ಲಿ ಗಾಂಧೀಜಿ ಕಥೆಯನ್ನೂ ಹೇಳಿದರು. ಪಕ್ಕದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಗೊಂಬೆ ಆಡಿಸೋರು ಕಥೆಗಾರರೂ ಹೌದು, ಹಾಡುಗಾರರೂ ಹೌದು. ಪರದೆ ಹಿಂದೆ ಕೂರೋದರಿಂದ ಮುಖ ಮಾತ್ರ ಕಾಣಲ್ಲ.

ಟೀಕೆಯೂ ಇದೆ

ಪರಿಚಯ ಅಂದ ಮೇಲೆ ಎರಡೂ ಕಡೆ ಹೇಳಬೇಕು. ಅಮರ ಚಿತ್ರ ಕಥೆಯ ಮೇಲೆ ವಿದ್ವಾಂಸರು, ಓದುಗರು ಮಾಡಿದ ಟೀಕೆ ಸಣ್ಣದಲ್ಲ. ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ ದಪ್ಪಗೆ ಇರ್ತಾರೆ ಅನ್ನೋದು ಮೊದಲನೇದು. ಹೆಂಗಸರು ತ್ಯಾಗ ಮಾಡೋಕೇ ಹುಟ್ಟಿದವರ ಹಾಗೆ ಬರ್ತಾರೆ ಅನ್ನೋದು ಎರಡನೇದು. ನೂರಾರು ಥರ ಹೇಳೋ ಒಂದು ಕಥೆಯಲ್ಲಿ ಒಂದೇ ಪಾಠವನ್ನ ಆರಿಸಿ, ಅದೇ ಸರಿ ಅನ್ನೋ ಹಾಗೆ ಮಾಡುತ್ತೆ ಅನ್ನೋದು ಮೂರನೇದು.

ಬಿಸಿಲಲ್ಲಿ ಮೈ ಕಪ್ಪಾಗೋ ನಮ್ಮ ಕಡೆ ಮಕ್ಕಳಿಗೆ ಮೊದಲನೇ ಟೀಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪುಸ್ತಕದಲ್ಲಿ ತನ್ನ ಬಣ್ಣದವನು ಯಾವಾಗಲೂ ಖಳನಾದ್ರೆ ಮಗುವಿಗೆ ಏನನ್ನಿಸುತ್ತೆ? 32 ಪುಟದಲ್ಲಿ ಏನು ಬಿಡಬೇಕು ಅಂತ ತೀರ್ಮಾನಿಸೋ ಅಧಿಕಾರ ದೊಡ್ಡದು ಅಂತ ಇದಕ್ಕೇ ಹೇಳೋದು. ಹಾಗಂತ ಪುಸ್ತಕ ಕೊಡಬೇಡಿ ಅಂತಲ್ಲ. ಜೊತೆಗೆ ಕೂತು ಓದಿ, ನಮ್ಮಜ್ಜಿ ಈ ಕಥೆನ ಬೇರೆ ಥರ ಹೇಳ್ತಿದ್ರು ಅಂತ ಮಾತಾಡಿ. ಕೃಷ್ಣದೇವರಾಯನ ಪುಸ್ತಕ ಓದಿಸಿದ ಮೇಲೆ ಮಗುವನ್ನ ಒಂದ್ಸಲ ಹಂಪಿಗೆ ಕರ್ಕೊಂಡು ಹೋಗಿ, ಚಿತ್ರ ಒಂದು ಕಡೆ, ಕಲ್ಲು ಒಂದು ಕಡೆ ಇಟ್ಟು ನೋಡಲಿ. ಈ ಅನುಕೂಲ ಬೆಂಗಳೂರಿನ ಮಗುವಿಗೂ ಇಲ್ಲ.

ಕೊನೆಯ ದಿನಗಳು

1978ರಲ್ಲಿ ಪೈ ಮಕ್ಕಳ ವ್ಯಕ್ತಿತ್ವ ಬೆಳವಣಿಗೆಗೆ ಪಾರ್ಥ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಶುರು ಮಾಡಿ ಅಂಚೆ ಮೂಲಕ ಕೋರ್ಸ್ ನಡೆಸಿದರು. ಯಶಸ್ಸು, ಆತ್ಮವಿಶ್ವಾಸದ ಬಗ್ಗೆ ಪುಸ್ತಕ ಬರೆದರು. 2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ಸಮಾವೇಶದಲ್ಲಿ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ಐದೇ ದಿನಕ್ಕೆ, ಫೆಬ್ರವರಿ 24ರಂದು, ಹೃದಯಾಘಾತದಿಂದ ಮುಂಬೈನಲ್ಲಿ ತೀರಿಕೊಂಡರು. 81 ವರ್ಷ. ಅದೇ ವರ್ಷ ಸೆಪ್ಟೆಂಬರ್ 17ರ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ನೆನಪಿಗೆ ಕಾಮಿಕ್ಸ್ ಥರದ ಡೂಡಲ್ ಹಾಕಿತ್ತು.

ಇಸವಿ ಪ್ರಕಾರ

1929 - ಕಾರ್ಕಳದಲ್ಲಿ ಜನನ
1954 - 'ಮಾನವ್' ಪತ್ರಿಕೆ, ಕೈಗೂಡಲಿಲ್ಲ
1964 - ಟೈಮ್ಸ್ ಸಂಸ್ಥೆಯಿಂದ ಇಂದ್ರಜಾಲ್ ಕಾಮಿಕ್ಸ್
1965 - ಅಮರ ಚಿತ್ರ ಕಥೆ ಹೆಸರಲ್ಲಿ ಕನ್ನಡದ ಪುಸ್ತಕಗಳು, ಜಿ.ಕೆ. ಅನಂತರಾಮ್ ಪ್ರಯತ್ನ
1967 - ಪೈ ನೇತೃತ್ವದಲ್ಲಿ ಅಮರ ಚಿತ್ರ ಕಥೆ
1969 - ರಂಗರೇಖಾ ಫೀಚರ್ಸ್
1980 - ಟಿಂಕಲ್
1983 - ಸುಪ್ಪಾಂಡಿ
1985 - ಮಹಾಭಾರತ ಸರಣಿ ಶುರು
2007 - ಎಸಿಕೆ ಮೀಡಿಯಾ ಕೈಗೆ
2011 - ನಿಧನ

ನಮ್ಮ ತಾಲೂಕಿನವರು ಏನು ಮಾಡಬಹುದು?

ಅಂಗಡಿಯವರಿಗೆ: ನಮ್ಮ ಕಡೆ ಪುಸ್ತಕದ ಅಂಗಡಿ ಅಂದ್ರೆ ಗೈಡು, ನೋಟ್‌ಬುಕ್ಕು, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ. ಮಕ್ಕಳ ಚಿತ್ರಕಥೆ ಕೇಳಿ ಯಾರಾದ್ರೂ ಬಂದ್ರೆ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ತಿಂಗಳಿಗೆ ಹತ್ತು ಜನ ಕೇಳಿದ್ರೆ ಒಂದು ಸಣ್ಣ ರ‍್ಯಾಕ್ ಇಟ್ಟು ನೋಡಬಹುದು. ಚಾಕೊಲೇಟ್ ಡಬ್ಬಿ ಇಡೋ ಎತ್ತರದಲ್ಲೇ ಇಡಿ, ಮಗುವಿನ ಕಣ್ಣಿಗೆ ಬೀಳಬೇಕು. 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದ ಚಿತ್ರಕಥೆಗೆ ಗಿರಾಕಿ ಇದ್ದಾರೆ ಅಂತ ಕಂಡುಕೊಂಡದ್ದೂ ಒಬ್ಬ ಪುಸ್ತಕ ಮಾರೋರೇ.

ತಂದೆ-ತಾಯಿಗಳಿಗೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕನ್ನಡದ ಚಿತ್ರಕಥೆ ಪುಸ್ತಕ ತರಿಸಿ ಅಂತ ಮೇಲ್ವಿಚಾರಕರಿಗೆ ಒಂದು ಮಾತು ಹೇಳಿ. ನಾಲ್ಕು ಜನ ಸೇರಿ ಪಂಚಾಯಿತಿಗೆ ಬರೆದು ಕೊಟ್ರೆ ಇನ್ನೂ ಒಳ್ಳೇದು.

ಬರೆಯೋ ಹುಡುಗ-ಹುಡುಗಿಯರಿಗೆ: ಚಿತ್ರ ಬರೋಕೆ ಬರಲ್ಲ ಅಂತ ಹಿಂದೆ ಸರೀಬೇಡಿ, ಪೈ ಅವರಿಗೂ ಚಿತ್ರ ಬರೆದುಕೊಡೋರು ಬೇರೆಯವರೇ ಇದ್ದರು. ಒಂದು ಹಾಳೆಯನ್ನ ಆರು ಚೌಕ ಮಾಡಿ. ನಿಮ್ಮಜ್ಜಿ ಹೇಳಿದ ಒಂದು ಕಥೆ ತಗೊಳ್ಳಿ, ಆರರಲ್ಲಿ ಮುಗಿಸಿ. ಮನೇಲಿರೋ ಸಣ್ಣ ಮಗುವಿಗೆ ತೋರಿಸಿ ಸುಮ್ನೆ ಕೂತ್ಕೊಳ್ಳಿ, ನೀವಾಗಿ ವಿವರಿಸಬೇಡಿ. ಆ ಮಗು ಎಲ್ಲಿ ನಿಂತು 'ಇದೇನು?' ಅಂತ ಕೇಳುತ್ತೋ ಆ ಚೌಕವನ್ನ ಮತ್ತೆ ಬರೀರಿ.